ಜರ್ಮನ್ ಸರ್‌ನೇಮ್‌ನ ಮೂಲ ಹುಡುಕುವುದು ಹೇಗೆ

ಜರ್ಮನ್ ಸರ್‌ನೇಮ್ ಸಿಕ್ಕಿದ ತಕ್ಷಣ ಡಿಕ್ಷನರಿ ತೆರೆಯಬೇಡಿ. ಮೊದಲು ಆ ಹೆಸರು ಯಾವ ಸೀಮೆಯದು ಅಂತ ನೋಡಿ, ಅರ್ಥ ಆಮೇಲೆ. ಶ್ವಾರ್ಟ್ಸ್ ಅಂದರೆ ಕಪ್ಪು, ಸರಿ. ಆದರೆ ಶ್ವಾರ್ಟ್ಸನೆಗ್ಗರ್ ಅನ್ನುವುದು ಬಣ್ಣದಿಂದ ಬಂದ ಅಡ್ಡಹೆಸರಲ್ಲ, ಶ್ವಾರ್ಟ್ಸನೆಗ್ ಅನ್ನುವ ಜಾಗದವನು ಅಂತ ಅರ್ಥ. ಕೊನೆಯ 'ಅರ್' ಎಷ್ಟೋ ಹೆಸರುಗಳಲ್ಲಿ ಊರನ್ನೇ ಹೇಳುತ್ತದೆ. ಅದೂ ಬಿಟ್ಟು ಬಂದ ಊರನ್ನು. ಬ್ರೇಮನ್‌ನಲ್ಲೇ ಇರುವವನನ್ನು ಬ್ರೇಮರ್ ಅಂತ ಕರೆದು ಏನು ಪ್ರಯೋಜನ, ಅಲ್ವಾ?

ಉಳಿದವು ಕಸುಬು (ಮ್ಯುಲರ್ ಹಿಟ್ಟಿನ ಗಿರಣಿಯವನು, ಶ್ಮಿಟ್ ಕಮ್ಮಾರ), ಅಪ್ಪನ ಹೆಸರು (ಪೀಟರ್ಸ್), ಇಲ್ಲವೇ ಅಡ್ಡಹೆಸರು (ಕ್ಲೈನ್ ಅಂದರೆ ಚಿಕ್ಕವನು). ಕ್ಯೋನಿಗ್ ಅಂದರೆ ರಾಜ ಅಂತ ನೋಡಿ ರಾಜವಂಶ ಅಂದುಕೊಳ್ಳಬೇಡಿ, ಅದೂ ಬಹುಪಾಲು ಅಡ್ಡಹೆಸರೇ.

ಸೀಮೆ ಗೊತ್ತಾಗಲು ಹೆಸರಿನ ಬಾಲ ನೋಡಿ. 'ಲೆ' ಇದ್ದರೆ ನೈಋತ್ಯದ ಸ್ವಾಬಿಯಾ ಕಡೆ, 'ಸೆನ್' ಇದ್ದರೆ ಹೆಚ್ಚಾಗಿ ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ಕಡೆ. ಬ್ಯುಲೊ ತರಹ 'ಒ' ಎಂದು ಮುಗಿದು, ಬರಹದಲ್ಲಿ ಕೊನೆಗೆ ಉಚ್ಚಾರವಿಲ್ಲದ ಡಬ್ಲ್ಯೂ ಇದ್ದರೆ ಈಶಾನ್ಯದ, ಸ್ಲಾವಿಕ್ ಭಾಷೆಯಿಂದ ಬಂದ ಊರ ಹೆಸರು ಇರಬಹುದು. ಕಸುಬೂ ಸುಳಿವು ಕೊಡುತ್ತದೆ: ಕುಂಬಾರ ದಕ್ಷಿಣದಲ್ಲಿ ಹಾಫ್ನರ್, ಪೂರ್ವದ ಕಡೆ ಟ್ಯೋಪ್ಫರ್. ಮೈಂಟ್ಸ್ ಅಕಾಡೆಮಿಯವರು ಸೇರಿ ಮಾಡುತ್ತಿರುವ ಜರ್ಮನ್ ಕುಟುಂಬನಾಮಗಳ ಡಿಜಿಟಲ್ ನಿಘಂಟು ಆನ್‌ಲೈನ್‌ನಲ್ಲಿ ಉಚಿತ. ಅದರಲ್ಲಿ ಹೆಸರು ಎಲ್ಲಿ ಜಾಸ್ತಿ ಇದೆ ಅಂತ ನಕ್ಷೆಯೂ ಇರುತ್ತದೆ.

ಸ್ಪೆಲ್ಲಿಂಗ್ ಬೇರೆ ಅಂತ ಬಿಟ್ಟುಬಿಡಬೇಡಿ. ಮೈಯರ್ ಅನ್ನುವುದನ್ನೇ ನಾಲ್ಕಾರು ರೀತಿ ಬರೆಯುತ್ತಾರೆ. ಹಿಂದೆ ಪಾದ್ರಿಗಳು ಕಿವಿಗೆ ಬಿದ್ದಂತೆ ಬರೆದುಕೊಳ್ಳುತ್ತಿದ್ದರು.

ನಿಜವಾದ ಕೆಲಸ ದಾಖಲೆಗಳಲ್ಲಿದೆ. 1876ರಿಂದ ಇಡೀ ಜರ್ಮನ್ ಸಾಮ್ರಾಜ್ಯದಲ್ಲಿ ಜನನ, ಮದುವೆ, ಮರಣಗಳನ್ನು ಸರ್ಕಾರಿ ಕಚೇರಿ ಬರೆದಿಡುತ್ತಾ ಬಂದಿದೆ. ಅದಕ್ಕಿಂತ ಹಿಂದಿನದಕ್ಕೆ ಮುಖ್ಯವಾಗಿ ಚರ್ಚ್ ಪುಸ್ತಕಗಳೇ ಗತಿ. ಕ್ಯಾಥೊಲಿಕ್ ಕುಟುಂಬವಾದರೆ ಮಾಟ್ರಿಕುಲಾ ಅನ್ನುವ ವೆಬ್‌ಸೈಟ್ ನೋಡಿ, ಉಚಿತ. ಪ್ರೊಟೆಸ್ಟಂಟ್ ಆದರೆ ಆರ್ಕಿಯಾನ್ ಅನ್ನುವ ವೆಬ್‌ಸೈಟ್, ಅದಕ್ಕೆ ದುಡ್ಡು ಕೊಡಬೇಕು. ಹಳೆಯ ಕುರೆಂಟ್ ಕೈಬರಹ ಮೊದಮೊದಲು ಕಣ್ಣಿಗೆ ಹತ್ತುವುದೇ ಇಲ್ಲ, ಅಕ್ಷರಗಳ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ನಿಮಗೆ ಗೊತ್ತಿರುವ ಹೆಸರಿನಿಂದಲೇ ಓದಲು ಶುರುಮಾಡಿ.

ಅಲ್ಲಿ ಕೆಲವು ಕಡೆ ದಾರಿ ತಪ್ಪುತ್ತದೆ. ಹೆಂಗಸರ ಹೆಸರಿಗೆ 'ಇನ್' ಸೇರಿಸುತ್ತಿದ್ದರು, ಮ್ಯುಲರಿನ್ ಬೇರೆ ಮನೆತನ ಅಲ್ಲ. ವೆಸ್ಟ್‌ಫಾಲಿಯಾದಲ್ಲಿ ಗಂಡ ಹೆಂಡತಿಯ ಜಮೀನಿಗೆ ಬಂದು ನೆಲೆಸಿದರೆ ಆ ಜಮೀನಿನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದ, ಹಾಗಾಗಿ ಎರಡು ಹೆಸರಿನ ನಡುವೆ 'ಗೆನಾಂಟ್' (ಎಂದು ಕರೆಯಲ್ಪಡುವ) ಅಂತ ಕಂಡರೆ ಎರಡನ್ನೂ ಬರೆದುಕೊಳ್ಳಿ. ವಾಯವ್ಯ ಕರಾವಳಿಯ ಪೂರ್ವ ಫ್ರೀಸ್‌ಲ್ಯಾಂಡ್‌ನಲ್ಲಿ ಅಪ್ಪನ ಹೆಸರಿನಿಂದ ಪ್ರತಿ ತಲೆಮಾರಿಗೂ ಸರ್‌ನೇಮ್ ಬದಲಾಗುತ್ತಿತ್ತು. 1811ರಲ್ಲಿ ನೆಪೋಲಿಯನ್ ಆಡಳಿತ ಕಾಯಂ ಹೆಸರು ಇಟ್ಟುಕೊಳ್ಳಿ ಅಂತ ಆಜ್ಞೆ ಮಾಡಿತು. ಅಲ್ಲಿ ಅದಕ್ಕಿಂತ ಹಿಂದಕ್ಕೆ ಹೋಗಬೇಕಾದರೆ ಸರ್‌ನೇಮ್ ಬಿಟ್ಟು ಅಪ್ಪನ ಹೆಸರು ಮತ್ತು ಊರು ಹಿಡಿದು ಹುಡುಕಿ.