ಕೂಲರ್ ಸ್ಟ್ಯಾಂಡಿನ ಜಂಗು ತೆಗೆಯುವಾಗ ಬ್ರಷ್ ಒತ್ತಬೇಡಿ

ಶಿವರಾತ್ರಿ ಮುಗಿಯುತ್ತಿದ್ದಂತೆ ಕಲಬುರಗಿಯ ಓಣಿಗಳಲ್ಲಿ ಕೂಲರ್‌ಗಳು ಹೊರಬೀಳುತ್ತವೆ. ಹೋದ ಬೇಸಿಗೆಯೆಲ್ಲ ನೀರು ಕುಡಿದ ಕಬ್ಬಿಣದ ಸ್ಟ್ಯಾಂಡಿಗೆ ಜಂಗು ಹಿಡಿದಿರುತ್ತದೆ. ಪಾಲಿಶ್ ಪೇಪರಿನಲ್ಲಿ ತಿಕ್ಕುತ್ತ ಕೂತರೆ ದಿನ ಸಾಲದು ಎಂದು ಜನ ಕಬ್ಬಿಣ ಉಜ್ಜುವ ಕೈ ಗ್ರೈಂಡರ್ ಬಾಡಿಗೆಗೆ ತಂದು ಅದಕ್ಕೆ ವೈರ್ ಬ್ರಷ್ ಹಾಕುತ್ತಾರೆ. ಹೋದ ವರ್ಷ ನಮ್ಮ ಓಣಿಯಲ್ಲೇ ಒಬ್ಬರು ಲುಂಗಿ ಉಟ್ಟು, ಬರಿಗಾಲಲ್ಲಿ ಕುಕ್ಕರಗಾಲಲ್ಲಿ ಕೂತು ಬ್ರಷ್ ಒತ್ತುತ್ತಿದ್ದರು. ಮೊಣಕಾಲ ಕೆಳಗೆ ಸೂಜಿಯಂಥ ಮೂರು ತಂತಿ ನೆಟ್ಟವು. ಇಕ್ಕಳ ಹಿಡಿದು ಕಿತ್ತವನು ನಾನೇ.

ಮೊದಲು ಕೂಲರಿನ ಪ್ಲಗ್ ಕಿತ್ತು, ನೀರು ಚೆಲ್ಲಿ, ನೆಲ ಒರೆಸಿ. ಹುಲ್ಲಿನ ಪ್ಯಾಡ್ ದೂರ ಇಡಿ, ಒಣಹುಲ್ಲಿಗೆ ಒಂದು ಕಿಡಿ ಸಾಕು. ಸ್ಟ್ಯಾಂಡನ್ನು ಅಲ್ಲಾಡದಂತೆ ಬಿಗಿಯಿರಿ.

ಇನ್ನು ಬ್ರಷ್. 4 ಇಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ. ಬ್ರಷ್ ಮೇಲೆ ಬರೆದ ಆರ್‌ಪಿಎಂ ಗ್ರೈಂಡರಿನದಕ್ಕಿಂತ ಕಡಿಮೆ ಇದ್ದರೆ ಮುಟ್ಟಬೇಡಿ. ಏನೂ ಬರೆಯದ ಅಗ್ಗದ ಬ್ರಷ್ ಅಂಗಡಿಯಲ್ಲೇ ಇರಲಿ. 75 ಮಿ.ಮೀ. ಕಪ್ ಬ್ರಷ್ಷಿನ, ಅಂದರೆ ಬಟ್ಟಲಿನಾಕಾರದ ಬ್ರಷ್ಷಿನ, ತಂತಿಯ ತುದಿ ಈ ವೇಗದಲ್ಲಿ ಗಂಟೆಗೆ 150 ಕಿ.ಮೀ.ಗೂ ಮೀರಿ ಓಡುತ್ತದೆ. ನನ್ನ ಆಯ್ಕೆ ಹೆಣೆದ ತಂತಿಯದು, ಜಂಗಿನ ಹೊಪ್ಪಳೆ ಏಳಲು ಅದೇ ಬೇಕು. ಚಕ್ರವನ್ನು ಅರ್ಧ ಮುಚ್ಚುವ ಲೋಹದ ಗಾರ್ಡ್ ಬಿಚ್ಚಬೇಡಿ. ಗಾರ್ಡ್ ತೆಗೆದು 5 ಇಂಚಿನ ಚಕ್ರ ತುರುಕುವ ಚಾಳಿ ಎಲ್ಲ ಕಡೆ ಇದೆ, ಅದು ಜೀವಕ್ಕೇ ಕುತ್ತು.

ಕಣ್ಣಿಗೆ ಗಾಗಲ್, ಅದರ ಮೇಲೆ ಮುಖ ಮುಚ್ಚುವ ಶೀಲ್ಡ್. ಓದುವ ಕನ್ನಡಕ ನಡೆಯದು. ಹಳೆಯ ಬಣ್ಣದ ಪುಡಿಯಲ್ಲಿ ಸೀಸ ಇರಬಹುದು, ಆದ್ದರಿಂದ ಮಾಸ್ಕ್ ಬೇಕು. ಚರ್ಮದ ಬಿಗಿ ಗ್ಲೌಸ್, ಪ್ಯಾಂಟು, ಬೂಟು. ಹೆಗಲ ಟವೆಲ್ಲು ತೆಗೆದಿಡಿ. ಹೊಸ ಬ್ರಷ್ಷನ್ನು ಒಂದು ನಿಮಿಷ ಗಾಳಿಯಲ್ಲೇ ತಿರುಗಿಸಿ, ಎದುರಿಗೆ ಯಾರೂ ಇರಬಾರದು. ಸಡಿಲ ತಂತಿಗಳು ಆಗಲೇ ಉದುರುತ್ತವೆ.

ಎಲ್ಲರೂ ಕೆಡಿಸುವುದು ಇಲ್ಲಿಂದ ಮುಂದೆ. ಜಂಗು ಕೀಳುವುದು ತಂತಿಯ ತುದಿ, ಅದರ ಹೊಟ್ಟೆಯಲ್ಲ. ಒತ್ತಿದಿರೋ, ತಂತಿ ಬಾಗಿ ಪಕ್ಕೆಯಿಂದ ಸವರುತ್ತದೆ. ಜಂಗು ಹಾಗೇ ಹೊಳೆಯುತ್ತ ಉಳಿಯುತ್ತದೆ, ತಂತಿ ಬುಡದಲ್ಲಿ ಬಾಗಿ ಬಾಗಿ ಮುರಿದು ಹಾರುತ್ತದೆ. ಗ್ರೈಂಡರಿನ ಭಾರವೇ ಸಾಕು, ನಿಮ್ಮ ಕೈ ದಾರಿ ತೋರಿಸಲಿ. ಕಿವಿ ಕೊಡಿ: ಮೋಟಾರಿನ ದನಿ ಇಳಿಯಿತೆಂದರೆ ನೀವು ಒತ್ತುತ್ತಿದ್ದೀರಿ. ಕಪ್ಪಿನ ಪೂರ್ತಿ ಬಾಯಿ ತಾಗಿಸದೆ ತುಸು ವಾಲಿಸಿ, ಒಂದು ಪಕ್ಕ ಮಾತ್ರ ತಾಗಿಸಿ.

ಸ್ಟ್ಯಾಂಡಿನ ಆ್ಯಂಗಲ್ ಪಟ್ಟಿಯ (ಎಲ್ ಆಕಾರದ ಕಬ್ಬಿಣದ ಪಟ್ಟಿ) ಅಂಚಿನಲ್ಲಿ ಇನ್ನಷ್ಟು ಜೋಕೆ. ತಾಗುವ ಜಾಗದಲ್ಲಿ ತಂತಿ ಪಟ್ಟಿಯ ಮೇಲಿಂದ ಹೊರಟು ಅಂಚು ದಾಟಿ ಆಚೆ ಹೋಗುವಂತೆ ಹಿಡಿಯಿರಿ. ಹೊರಗಿನಿಂದ ಅಂಚಿಗೆ ಎದುರಾಗಿ ಬಂದರೆ ಕಚ್ಚಿಕೊಂಡು ಗ್ರೈಂಡರ್ ಎದೆಗೇ ನೆಗೆಯುತ್ತದೆ. ಪಕ್ಕದ ಹ್ಯಾಂಡಲ್ ಇಲ್ಲದೆ, ಒಂದೇ ಕೈಯಲ್ಲಿ ಈ ಕೆಲಸ ಬೇಡವೇ ಬೇಡ. ಕಾಲುಗಳ ಒಳಮೂಲೆಗೆ ಬ್ರಷ್ ನುಗ್ಗಿಸಬೇಡಿ, ಅಲ್ಲಿ ಕೈಬ್ರಷ್ಷೇ ಸರಿ.

ಕೂಲರಿನ ಜಿಐ (ಸತು ಲೇಪಿಸಿದ ಕಬ್ಬಿಣ) ತಗಡಿನ ಮೈ ಮೇಲೆ ಈ ಬ್ರಷ್ ಆಡಿಸಲೇಬಾರದು. ಸತುವಿನ ಪದರ ಹೋದರೆ ಒಳಗಿನ ಕಬ್ಬಿಣ ಬೇಗ ಕೊಳೆಯುತ್ತದೆ.

ವೆಲ್ಡಿಂಗ್ ಉಬ್ಬು ತೆಗೆಯಲು ಫ್ಲಾಪ್ ಡಿಸ್ಕ್ (ಪಾಲಿಶ್ ಪೇಪರಿನಂಥ ಪಟ್ಟಿಗಳನ್ನು ಸುತ್ತ ಜೋಡಿಸಿದ ಚಕ್ರ) ಹಾಕಿ. ಕತ್ತರಿಸುವ 1 ಮಿ.ಮೀ. ಚಕ್ರದ ಪಕ್ಕದಿಂದ ಉಜ್ಜುವವರಿದ್ದಾರೆ, ಅದು ಚೂರಾಗಿ ಸಿಡಿಯುತ್ತದೆ. ಕತ್ತರಿಸುವ, ಉಜ್ಜುವ ಚಕ್ರಗಳಲ್ಲಿ ಮಧ್ಯದ ತೂತಿನ ಸುತ್ತಲ ಲೋಹದ ಉಂಗುರದ ಮೇಲೆ ಅವಧಿ ಮುಗಿಯುವ ತಿಂಗಳು, ವರ್ಷ ಒತ್ತಿರುತ್ತಾರೆ. ಅವಧಿ ಮೀರಿದ್ದು, ನೆಲಕ್ಕೆ ಬಿದ್ದದ್ದು, ನೀರು ಕುಡಿದದ್ದು ಕಸಕ್ಕೆ.

ಕೆಲಸ ಮುಗಿದ ಮೇಲೆ ಪೂರ್ತಿ ನಿಲ್ಲುವ ತನಕ ಗ್ರೈಂಡರ್ ಕೈಯಲ್ಲೇ ಇರಲಿ. ಶಹಾಬಾದ್ ಫರ್ಸಿಕಲ್ಲಿನ ನೆಲದ ಮೇಲಿನ ತಂತಿ ಚೂರುಗಳಿಗೆ ಮ್ಯಾಗ್ನೆಟ್ ಆಡಿಸಿ, ಪುಡಿಯನ್ನು ಮಾಸ್ಕ್ ತೆಗೆಯದೆ ಒದ್ದೆ ಬಟ್ಟೆಯಿಂದ ಒರೆಸಿ. ಸ್ಟ್ಯಾಂಡನ್ನು ಥಿನ್ನರ್ ಬಟ್ಟೆಯಿಂದ ಒರೆಸಿ, ಅವತ್ತೇ ಸಂಜೆಯೊಳಗೆ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಿರಿ.