ಹಳೆಯ ಸ್ಕ್ಯಾನ್ ಮಾಡಿದವರು ಯಾರು?

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡುವುದು ಆರಾಮದ ಕೆಲಸ ಅಂತ ಮೊದಮೊದಲು ನಾನೂ ಅಂದುಕೊಂಡಿದ್ದೆ. ಮಲಗಿಸಬೇಕು, ಬಟನ್ ಒತ್ತಬೇಕು, ಸ್ವಲ್ಪ ಹೊತ್ತಿಗೆ ರಿಪೋರ್ಟ್ ಕೈಗೆ ಬರುತ್ತದೆ. ಎದೆಯ ಎಕ್ಸ್‌ರೇಗಿಂತಲೂ ಕಡಿಮೆ ವಿಕಿರಣ. ಸೂಜಿಯಿಲ್ಲ, ನೋವಿಲ್ಲ.

ಅರವತ್ತು ದಾಟಿದ ಒಬ್ಬ ತಾಯಿ ಎರಡು ವರ್ಷ ಮೂಳೆಯ ಮಾತ್ರೆ ತೆಗೆದುಕೊಂಡು ಮತ್ತೆ ಪರೀಕ್ಷೆಗೆ ಬಂದರು. ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದರೆ ಸೊಂಟದ ಕೀಲಿನ ಹತ್ತಿರದ ಕಿರಿದಾದ ಭಾಗದಲ್ಲಿ, ಸಾಂದ್ರತೆ 4% ಕಡಿಮೆ ಅಂತ ಬಂತು. "ಇಷ್ಟು ದಿನ ನುಂಗಿದ್ದೆಲ್ಲ ದಂಡ ಅಲ್ವಾ? ನಾಳೆಯಿಂದ ಬಿಟ್ಟುಬಿಡ್ತೀನಿ" ಅಂದರು.

ಹಳೆಯ ಚಿತ್ರ ತೆಗೆದು ಹೊಸದರ ಪಕ್ಕ ಇಟ್ಟು ನೋಡಿದೆ. ಈ ಸ್ಕ್ಯಾನಿಗೆ ಕಾಲನ್ನು 15ರಿಂದ 25 ಡಿಗ್ರಿ ಒಳಕ್ಕೆ ತಿರುಗಿಸಿ ಪಟ್ಟಿ ಕಟ್ಟಬೇಕು. ಪಾದ ಮಾತ್ರ ತಿರುಗಿದರೆ ಸಾಲದು, ತೊಡೆಯಿಂದಲೇ ತಿರುಗಬೇಕು. ಸರಿಯಾಗಿ ತಿರುಗಿದಾಗ ಮೂಳೆಯ ಒಳಬದಿಯ ಗುಬುಟು, ನಾವು ಲೆಸ್ಸರ್ ಟ್ರೊಕ್ಯಾಂಟರ್ ಅನ್ನುತ್ತೇವಲ್ಲ ಅದು, ಚೂರೇ ಚೂರು ಕಾಣಿಸುತ್ತದೆ. ಹಳೆಯ ಚಿತ್ರದಲ್ಲಿ ಅದು ದಪ್ಪಗೆ ಎದ್ದು ಕಾಣುತ್ತಿತ್ತು. ಕಾಲು ಸಾಕಷ್ಟು ತಿರುಗಿರಲಿಲ್ಲ. ಹಾಗಾದಾಗ ಕುತ್ತಿಗೆ ಮೊಟಕಾಗಿ ಕಾಣುತ್ತದೆ, ಸಾಂದ್ರತೆ ಇದ್ದದ್ದಕ್ಕಿಂತ ಜಾಸ್ತಿ ಬರುತ್ತದೆ. ಈಗಿನದು ಇಳಿದಿರಲಿಲ್ಲ, ಹಿಂದಿನದೇ ಏರಿತ್ತು.

ಹಳೆಯ ಸ್ಕ್ಯಾನ್ ಮಾಡಿದವರು ಯಾರು ಅಂತ ನೋಡಿದೆ. ನಾನೇ!

ವೈದ್ಯರಿಗೆ ಇದ್ದದ್ದು ಇದ್ದಹಾಗೆ ಹೇಳಿದೆ. ಅವರು ಆ ಹೋಲಿಕೆಯನ್ನು ಕೈಬಿಟ್ಟು ಬೆನ್ನೆಲುಬಿನ ಅಂಕಿ ನೋಡಿದರು. ಅದು ಕದಲಿರಲಿಲ್ಲ. ಮಾತ್ರೆ ಮುಂದುವರಿಯಿತು.

ಇದಾದ ಮೇಲೆ ನನ್ನ ಕೈಯ ದೋಷ ಎಷ್ಟು ಅಂತ ಅಳೆಯಲು ಕೂತೆ. 30 ಜನರನ್ನು, ಅವರ ಒಪ್ಪಿಗೆ ಪಡೆದು, ಎರಡೆರಡು ಸಲ ಸ್ಕ್ಯಾನ್ ಮಾಡಬೇಕು. ನಡುವೆ ಅವರನ್ನು ಟೇಬಲ್‌ನಿಂದ ಎಬ್ಬಿಸಿ ಮತ್ತೆ ಹೊಸದಾಗಿ ಮಲಗಿಸಬೇಕು. ಎರಡು ಸಲದ ಅಂಕಿಗಳ ವ್ಯತ್ಯಾಸದಿಂದ ಲೆಕ್ಕ ಹಾಕಿದ ದೋಷವನ್ನು 2.77ರಿಂದ ಗುಣಿಸಿದರೆ ಸಿಗುವ ಅಂಕಿಗಿಂತ ದೊಡ್ಡ ಬದಲಾವಣೆ ಕಂಡರೆ ಮಾತ್ರ ಅದನ್ನು ಬದಲಾವಣೆ ಅನ್ನಬಹುದು. ಬೆನ್ನೆಲುಬಿಗೆ ಒಪ್ಪುವ ದೋಷ ಹೆಚ್ಚೆಂದರೆ 1.9%, ಅಂದರೆ ಸುಮಾರು 5.3% ವ್ಯತ್ಯಾಸ. ತೊಡೆಮೂಳೆಯ ಕುತ್ತಿಗೆಗೆ ಇದು 6.9%. ಆ ತಾಯಿಯನ್ನು ಹೆದರಿಸಿದ್ದು ಬರೀ 4%! ಬೇರೆ ಯಂತ್ರದಲ್ಲಿ ಮಾಡಿಸಿದ ರಿಪೋರ್ಟಿನ ಜೊತೆ ಹೋಲಿಸುವುದಂತೂ ಇನ್ನೂ ಕಷ್ಟ.

ಜನ ಕೇಳುವುದು ಟಿ-ಸ್ಕೋರ್ ಒಂದನ್ನೇ, ಅಂದರೆ ಆರೋಗ್ಯವಂತ ಯುವ ವಯಸ್ಸಿನವರ ಮೂಳೆಗೆ ಹೋಲಿಸಿ ಕೊಡುವ ಅಂಕವನ್ನು. ಋತುಬಂಧವಾದ ಹೆಂಗಸರಿಗೆ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್ (ಮೂಳೆ ಟೊಳ್ಳಾಗುವ ರೋಗ) ಅಂತ ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ರೋಗ ಗುರುತಿಸಲು ಅದು ಬೇಕು. ಆದರೆ ಹೋದ ಸಲಕ್ಕೂ ಈ ಸಲಕ್ಕೂ ಹೋಲಿಸುವಾಗ ನಾನು ನೋಡುವುದು ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಅನ್ನುವ ಮೂಲ ಅಂಕಿಯನ್ನು.

ಅಂಕಿ ಏರಿದರೆ ಎಲ್ಲರಿಗೂ ಖುಷಿ. ನನಗೆ ಅನುಮಾನ. ಕುಸಿದ ಮೂಳೆ ಒತ್ತಿಕೊಂಡು ಗಟ್ಟಿಯಾಗಿ ಕಾಣುತ್ತದೆ. ವಯಸ್ಸಾದವರ ಬೆನ್ನೆಲುಬಿನಲ್ಲಿ ಬೆಳೆಯುವ ಮೂಳೆಯ ಮುಳ್ಳುಗಳೂ ಹಾಗೇ. ಸೊಂಟದ ಭಾಗದ ಬೆನ್ನೆಲುಬಿನ ನಾಲ್ಕು ಮೂಳೆಗಳನ್ನು, ಎಲ್1ರಿಂದ ಎಲ್4ರ ತನಕ, ಒಂದೊಂದನ್ನೂ ಬೇರೆಯಾಗಿ ನೋಡುತ್ತೇನೆ. ಒಂದು ಮಾತ್ರ ಅಕ್ಕಪಕ್ಕದ್ದಕ್ಕಿಂತ ಟಿ-ಸ್ಕೋರಿನಲ್ಲಿ ಒಂದಕ್ಕೂ ಜಾಸ್ತಿ ಮೇಲಿದ್ದರೆ ಅದನ್ನು ಲೆಕ್ಕದಿಂದ ಬಿಡುವ ಮಾತು ಬರುತ್ತದೆ. ಕೊನೆಗೆ ಎರಡಾದರೂ ಉಳಿಯಬೇಕು. ಎತ್ತರ ಕಡಿಮೆಯಾಗಿದೆಯಾ ಅಂತಲೂ ಕೇಳುತ್ತೇನೆ. ಹೌದು ಅಂದರೆ ಪಕ್ಕದಿಂದ ಒಂದು ಚಿತ್ರ ತೆಗೆಯಬೇಕಾ ಅಂತ ವೈದ್ಯರನ್ನು ಕೇಳುತ್ತೇನೆ.

ಬೆಳಿಗ್ಗೆ ಬಂದ ಕೂಡಲೇ ಫ್ಯಾಂಟಮ್, ಅಂದರೆ ಸಾಂದ್ರತೆ ಮೊದಲೇ ಗೊತ್ತಿರುವ ಮಾದರಿ ವಸ್ತು, ಇಟ್ಟು ಯಂತ್ರ ಸರಿ ಇದೆಯಾ ನೋಡುತ್ತೇನೆ. ಆ ದಿನ ಕ್ಯಾಲ್ಸಿಯಂ ಮಾತ್ರೆ ನುಂಗಿದ್ದೀರಾ ಅಂತ ಕೇಳುತ್ತೇನೆ. ಕರಗದ ಮಾತ್ರೆ ಬೆನ್ನೆಲುಬಿನ ಮೇಲೆ ಬಿಳಿ ಚುಕ್ಕೆಯಾಗಿ ಕೂತಿರುವುದನ್ನು ನೋಡಿದ್ದೇನೆ.

ಈಗ ಯಾರೇ ಎರಡನೇ ಸಲ ಬಂದರೂ ಮಲಗಿಸುವ ಮೊದಲೇ ಹಳೆಯ ಚಿತ್ರ ತೆರೆದಿಡುತ್ತೇನೆ. ಕೆಲವರಿಗೆ ಕೀಲು ಬಿಗಿದು ಕಾಲು ಅಷ್ಟು ತಿರುಗುವುದೇ ಇಲ್ಲ. ಸುಮ್ನೆ ಬಲವಂತ ಮಾಡುವುದಿಲ್ಲ. ಎಷ್ಟು ತಿರುಗಿತು, ಎಲ್ಲಿ ನೋವು ಅಂದರು ಅಂತ ಬರೆದಿಡುತ್ತೇನೆ. ಮುಂದಿನ ಸಲ ಮಲಗಿಸುವವರು ಬೇರೆಯವರಿದ್ದರೂ ಅಷ್ಟೇ ತಿರುಗಿಸಬೇಕಲ್ಲ.