ಊರಿನದೇ ತಂಡ, ಬೇರೆಯವರ ಆಟಗಾರರು: ಹರ್ಶಿ ಬೇರ್ಸ್ ಚರಿತ್ರೆಯಿಂದ ಅಮೆರಿಕದ ಮೈನರ್ ಲೀಗ್ ಐಸ್ ಹಾಕಿಯನ್ನು ಅರಿಯುವುದು

ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಸುತ್ತಮುತ್ತ ಕೆಲಸಕ್ಕೆಂದು ಬಂದು ನೆಲೆಸುವ ಕನ್ನಡಿಗರು ಚಳಿಗಾಲ ಶುರುವಾಗುತ್ತಲೇ ಅಕ್ಕಪಕ್ಕದವರ ಬಾಯಲ್ಲಿ ಕೇಳುವ ಹೆಸರು, ಹತ್ತಿರದ ಹರ್ಶಿ ಊರಿನ ಐಸ್ ಹಾಕಿ ತಂಡವಾದ ಹರ್ಶಿ ಬೇರ್ಸ್. ಮಕ್ಕಳ ಒತ್ತಾಯಕ್ಕೋ ಸಹೋದ್ಯೋಗಿಗಳ ಆಹ್ವಾನಕ್ಕೋ ಒಂದೆರಡು ಪಂದ್ಯ ನೋಡಿ ಬಂದವರಲ್ಲಿ ಅನೇಕರಿಗೆ ಒಂದೇ ಬಗೆಯ ಗೊಂದಲ ಉಳಿಯುತ್ತದೆ. ಹೋದ ವಾರ ಎರಡು ಗೋಲು ಹೊಡೆದ ಹುಡುಗ ಈ ವಾರ ಏಕಿಲ್ಲ, ತಂಡ ಗೆಲ್ಲುತ್ತಿರುವಾಗಲೇ ಒಳ್ಳೆಯ ಗೋಲಿಯನ್ನು, ಅಂದರೆ ಗೋಲ್‌ಕೀಪರನ್ನು, ಏಕೆ ಕಳುಹಿಸಿಬಿಟ್ಟರು, ಹಾಗೆ ಕಳುಹಿಸಿದ್ದಕ್ಕೆ ಊರಿನವರು ಕೋಪಿಸಿಕೊಳ್ಳದೆ ಚಪ್ಪಾಳೆ ತಟ್ಟುವುದೇಕೆ? ಅಮೆರಿಕದ ಮೈನರ್ ಲೀಗ್ ವ್ಯವಸ್ಥೆಯಲ್ಲಿ ತಂಡ ಊರಿನದು, ಆಟಗಾರರಲ್ಲಿ ಹೆಚ್ಚಿನವರು ಮೇಲಿನ ಲೀಗಿನ ಇನ್ನೊಂದು ತಂಡಕ್ಕೆ ಸೇರಿದವರು. ಈ ಮಾತು ಮನಸ್ಸಿಗೆ ಇಳಿದರೆ ಉಳಿದದ್ದೆಲ್ಲ ತಾನಾಗಿಯೇ ಅರ್ಥವಾಗುತ್ತದೆ. ಅದನ್ನು ತಿಳಿಯಲು ಹರ್ಶಿ ತಂಡದ ಚರಿತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ.

ಮೊದಲು ವ್ಯವಸ್ಥೆಯ ಹಂತಗಳು. ಎಲ್ಲಕ್ಕಿಂತ ಮೇಲಿರುವುದು ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್. ಅದರಲ್ಲಿ 32 ತಂಡಗಳು. ಅದರ ಕೆಳಗಿನದು ಅಮೆರಿಕನ್ ಹಾಕಿ ಲೀಗ್, ಎಎಚ್‌ಎಲ್. ಅದರಲ್ಲೂ 32 ತಂಡಗಳಿದ್ದು, ಒಂದೊಂದೂ ಮೇಲಿನ ಒಂದು ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿರುತ್ತದೆ. ಇನ್ನೂ ಕೆಳಗೆ ಇಸಿಎಚ್‌ಎಲ್ ಎಂಬ ಮೂರನೆಯ ಹಂತದ ಲೀಗ್ ಇದೆ. ಹರ್ಶಿ 2005ರಿಂದ ವಾಷಿಂಗ್ಟನ್ ಕ್ಯಾಪಿಟಲ್ಸ್ ಜೊತೆಗಿದೆ. ವಾಷಿಂಗ್ಟನ್ ತಂಡ ಯುವ ಆಟಗಾರನೊಬ್ಬನೊಡನೆ ಕರಾರು ಮಾಡಿಕೊಂಡು, ಅವನು ಪಳಗಲೆಂದು ಹರ್ಶಿಗೆ ಕಳುಹಿಸುತ್ತದೆ. ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಎರಡು ಸಂಬಳ ಬರೆದಿರುತ್ತದೆ, ಮೇಲೆ ಆಡಿದ ದಿನಕ್ಕೆ ಒಂದು, ಕೆಳಗೆ ಆಡಿದ ದಿನಕ್ಕೆ ಅದಕ್ಕಿಂತ ತೀರ ಕಡಿಮೆಯ ಇನ್ನೊಂದು. ಮೇಲಿನ ತಂಡದಲ್ಲಿ ಯಾರಿಗಾದರೂ ಗಾಯವಾದರೆ ಫೋನ್ ಬರುತ್ತದೆ, ಹುಡುಗ ಅಂದೇ ಹೊರಡುತ್ತಾನೆ. ಇವರ ಜೊತೆಗೆ ಹರ್ಶಿ ತಂಡವೇ ನೇರವಾಗಿ ಕರಾರು ಮಾಡಿಕೊಂಡ ಕೆಲವರು ಇರುತ್ತಾರೆ. ನಮ್ಮ ರಣಜಿ ತಂಡದಿಂದ ಭಾರತ ತಂಡಕ್ಕೆ ಆಯ್ಕೆಯಾಗುವುದನ್ನು ಇದು ಮೇಲ್ನೋಟಕ್ಕೆ ಹೋಲುತ್ತದೆ. ಆದರೆ ಕರ್ನಾಟಕದ ಆಟಗಾರ ಮೊದಲು ಕರ್ನಾಟಕದವನು, ಇಲ್ಲಿನ ಹುಡುಗ ಮೊದಲಿನಿಂದಲೂ ವಾಷಿಂಗ್ಟನ್‌ನವನು.

ಹೀಗಿದ್ದೂ ಊರಿನವರು ಈ ತಂಡವನ್ನು ತಮ್ಮದೆಂದು ತಿಳಿಯುವುದಕ್ಕೆ ಸುಮಾರು ತೊಂಬತ್ತು ವರ್ಷಗಳ ಕಾರಣವಿದೆ. ಚಾಕೊಲೇಟ್ ಉದ್ಯಮಿ ಮಿಲ್ಟನ್ ಹರ್ಶಿ ತನ್ನ ಕಾರ್ಖಾನೆಯ ಸುತ್ತ ಕಟ್ಟಿದ ಊರು ಇದು. 1931ರಲ್ಲಿ ಇಲ್ಲಿನ ಐಸ್ ಪ್ಯಾಲೇಸ್‌ನಲ್ಲಿ ಕಾಲೇಜು ಹುಡುಗರ ಹಾಕಿ ಪಂದ್ಯ ನಡೆದಾಗ ಜನ ಮುಗಿಬಿದ್ದುದನ್ನು ಕಂಡು, 1932ರಲ್ಲಿ ಅವನೂ ಅವನ ಮನರಂಜನಾ ವಿಭಾಗದ ಮುಖ್ಯಸ್ಥ ಜಾನ್ ಸೊಲ್ಲೆನ್‌ಬರ್ಗರ್‌ನೂ ಸೇರಿ ಊರಿಗೊಂದು ಸ್ಥಿರವಾದ ತಂಡ ಕಟ್ಟಿದರು. ಚಾಕೊಲೇಟ್ ಬಾರ್ ನೆನಪಿಗೆ ಬರುವಂತೆ ಅದಕ್ಕೆ ಹರ್ಶಿ ಬಾರ್ಸ್ ಎಂದು ಹೆಸರಿಟ್ಟರು. ಇದು ಹೆಸರಲ್ಲ, ಜಾಹೀರಾತು ಎಂದು ನ್ಯೂಯಾರ್ಕಿನ ಕ್ರೀಡಾ ವರದಿಗಾರರು ಟೀಕಿಸತೊಡಗಿದ ಮೇಲೆ, 1936ರಲ್ಲಿ ಅದು ಬೇರ್ಸ್, ಅಂದರೆ ಕರಡಿಗಳು, ಎಂದಾಯಿತು.

ಅದೇ 1936ರಲ್ಲಿ ಹೊಸ ಕ್ರೀಡಾಂಗಣ ಸಿದ್ಧವಾಯಿತು. ಮಹಾ ಆರ್ಥಿಕ ಕುಸಿತದಿಂದ ದೇಶವೆಲ್ಲ ನಲುಗಿದ್ದ ಆ ವರ್ಷಗಳಲ್ಲಿ ಮಿಲ್ಟನ್ ಹರ್ಶಿ ಊರಿನಲ್ಲಿ ಒಂದಾದಮೇಲೊಂದು ದೊಡ್ಡ ಕಟ್ಟಡಗಳನ್ನು ಕಟ್ಟಿಸಿ ಜನರಿಗೆ ಕೆಲಸ ಕೊಟ್ಟನು. ಈ ಕ್ರೀಡಾಂಗಣವೂ ಅವುಗಳಲ್ಲಿ ಒಂದು. ಎಂಜಿನಿಯರ್ ಆಂಟನ್ ಟೆಡೆಸ್ಕೊ ವಿನ್ಯಾಸ ಮಾಡಿದ ಅದರ ಚಾವಣಿ ತೆಳುವಾದ ಕಾಂಕ್ರೀಟಿನ ಒಂದು ಕಮಾನು. ಒಳಗೆ ನೋಟಕ್ಕೆ ಅಡ್ಡವಾಗುವ ಒಂದು ಕಂಬವೂ ಇಲ್ಲ. ಬ್ಯಾಸ್ಕೆಟ್‌ಬಾಲ್ ಬಲ್ಲವರು ಈ ಕಟ್ಟಡವನ್ನು ಬೇರೆ ಕಾರಣಕ್ಕೆ ನೆನೆಯುತ್ತಾರೆ: 1962ರ ಮಾರ್ಚ್ 2ರಂದು ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದ್ದು ಇಲ್ಲಿಯೇ. ಬೇರ್ಸ್ ಅಲ್ಲಿ 2002ರವರೆಗೂ ಆಡಿ, ಬಳಿಕ ಸುಮಾರು ಹತ್ತೂವರೆ ಸಾವಿರ ಆಸನಗಳ ಜೈಂಟ್ ಸೆಂಟರ್‌ಗೆ ಬಂದರು.

ತಂಡ ಈಗಿನ ಎಎಚ್‌ಎಲ್‌ನ ಪೂರ್ವರೂಪವಾದ ಲೀಗನ್ನು ಸೇರಿದ್ದು 1938ರಲ್ಲಿ. ಅಂದಿನಿಂದ ಒಂದು ವರ್ಷವೂ ತಪ್ಪದೆ, ಊರನ್ನೂ ಹೆಸರನ್ನೂ ಬದಲಿಸದೆ ಆಡುತ್ತಿದೆ. ಇದು ಎಷ್ಟು ಅಪರೂಪವೆಂಬುದು ನೆರೆಯ ತಂಡವನ್ನು ನೋಡಿದರೆ ತಿಳಿಯುತ್ತದೆ. ಫಿಲಡೆಲ್ಫಿಯಾದಲ್ಲಿ ಆಡುತ್ತಿದ್ದ ಫ್ಯಾಂಟಮ್ಸ್ ತಂಡ 2009ರಲ್ಲಿ ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್‌ಗೆ ಹೋಗಿ, 2014ರಲ್ಲಿ ಅಲ್ಲಿಂದ ಅಲೆನ್‌ಟೌನ್‌ಗೆ ಬಂದಿತು. ಮೈನರ್ ಲೀಗ್ ತಂಡಗಳು ಹೀಗೆ ಗಂಟುಮೂಟೆ ಕಟ್ಟುವುದು ಸಾಮಾನ್ಯ ಸಂಗತಿ. ಹರ್ಶಿ ಉಳಿದುಕೊಂಡದ್ದಕ್ಕೆ ಮುಖ್ಯ ಕಾರಣ ಒಡೆತನ. ಈ ತಂಡ ಯಾವ ಎನ್‌ಎಚ್‌ಎಲ್ ತಂಡದ ಸ್ವತ್ತೂ ಅಲ್ಲ. ಊರಿನ ಉದ್ಯಾನ, ಹೋಟೆಲುಗಳನ್ನು ನಡೆಸುವ ಹರ್ಶಿ ಎಂಟರ್‌ಟೇನ್‌ಮೆಂಟ್ ಅಂಡ್ ರೆಸಾರ್ಟ್ಸ್ ಇದರ ಮಾಲೀಕ ಸಂಸ್ಥೆ. ಆ ಸಂಸ್ಥೆ, ಮಕ್ಕಳಿಲ್ಲದ ಮಿಲ್ಟನ್ ಹರ್ಶಿ ದಂಪತಿ 1909ರಲ್ಲಿ ಅನಾಥ ಬಾಲಕರಿಗಾಗಿ ಆರಂಭಿಸಿದ ಶಾಲೆಯ ಟ್ರಸ್ಟಿಗೆ ಸೇರಿದ್ದು. ಆದ್ದರಿಂದ ತಂಡವನ್ನು ಬೇರೆ ಊರಿಗೆ ಒಯ್ಯುವ ಮಾತೇ ಇಲ್ಲಿ ಹುಟ್ಟುವುದಿಲ್ಲ.

ಮೇಲಿನ ತಂಡಗಳು ಮಾತ್ರ ಬದಲಾಗುತ್ತಲೇ ಬಂದಿವೆ. 1984ರಿಂದ 1996ರವರೆಗೆ ಫಿಲಡೆಲ್ಫಿಯಾ ಫ್ಲೈಯರ್ಸ್, ಅಲ್ಲಿಂದ 2005ರವರೆಗೆ ಕೊಲರಾಡೊ, ಆಮೇಲೆ ವಾಷಿಂಗ್ಟನ್. 1988ರಲ್ಲಿ ಪ್ಲೇಆಫ್‌ನ 12 ಪಂದ್ಯಗಳನ್ನೂ ಸೋಲದೆ ಗೆದ್ದು ಎಎಚ್‌ಎಲ್ ಚಾಂಪಿಯನ್ನರಿಗೆ ಸಿಗುವ ಕಾಲ್ಡರ್ ಕಪ್ ಎತ್ತಿದಾಗ ಆಟಗಾರರು ಫ್ಲೈಯರ್ಸ್‌ನವರು. 1997ರಲ್ಲಿ ಅದೇ ಕಪ್ ಗೆದ್ದಾಗ ಕೊಲರಾಡೊದವರು. ಹುಡುಗರು ಬಂದರು, ಹೋದರು. ಕಪ್ಪುಗಳು ಹರ್ಶಿಯ ಲೆಕ್ಕಕ್ಕೇ ಸೇರಿದವು. 1947ರಿಂದ 2024ರವರೆಗೆ ಒಟ್ಟು 13 ಕಪ್ಪುಗಳು. ಇಷ್ಟು ಅಲುಗಾಟದ ನಡುವೆ ಅಲುಗದೆ ನಿಂತವರೆಂದರೆ ಫ್ರ್ಯಾಂಕ್ ಮ್ಯಾಥರ್ಸ್. 1956ರಲ್ಲಿ ಆಟಗಾರ ಮತ್ತು ತರಬೇತುದಾರರಾಗಿ ಬಂದ ಅವರು 1973ರವರೆಗೆ ತರಬೇತಿ ಕೊಟ್ಟು ಮೂರು ಕಪ್ ಗೆಲ್ಲಿಸಿದರು. ಆಮೇಲೆ 1991ರವರೆಗೂ ತಂಡದ ಆಡಳಿತ ನೋಡಿಕೊಂಡರು. ಮರುವರ್ಷ ಹಾಕಿ ಹಾಲ್ ಆಫ್ ಫೇಮ್ ಅವರನ್ನು ಬರಮಾಡಿಕೊಂಡಿತು. ಒಬ್ಬ ಮನುಷ್ಯ ಒಂದು ಸಣ್ಣ ಊರಿನ ತಂಡಕ್ಕೆ 35 ವರ್ಷ ಕೊಟ್ಟನೆಂಬುದು ನನ್ನ ಮಟ್ಟಿಗೆ ಆ ಕಪ್ಪುಗಳಿಗಿಂತ ದೊಡ್ಡ ಸಂಗತಿ.

ಹಂತಗಳನ್ನು ಏರುವುದೆಂದರೆ ಏನೆಂದು ತಿಳಿಯಲು ಜೇ ಬೀಗಲ್ ಅವರ ವೃತ್ತಿಜೀವನವನ್ನು ನೋಡಬೇಕು. ತಂಡಗಳು ಸರದಿಯಂತೆ ಯುವ ಆಟಗಾರರನ್ನು ಆಯ್ದುಕೊಳ್ಳುವ ಡ್ರಾಫ್ಟಿನಲ್ಲಿ ಯಾವ ಎನ್‌ಎಚ್‌ಎಲ್ ತಂಡವೂ ಆರಿಸಿಕೊಳ್ಳದ ಅವರು 2007ರಲ್ಲಿ ಐಡಹೊ ತಂಡದಲ್ಲಿದ್ದು ಇಸಿಎಚ್‌ಎಲ್‌ನ ಕೆಲ್ಲಿ ಕಪ್ ಗೆದ್ದರು; 2009 ಮತ್ತು 2010ರಲ್ಲಿ ಹರ್ಶಿಯಲ್ಲಿದ್ದು ಕಾಲ್ಡರ್ ಕಪ್, 2018ರಲ್ಲಿ ವಾಷಿಂಗ್ಟನ್ ಪರವಾಗಿ ಎನ್‌ಎಚ್‌ಎಲ್‌ನ ಸ್ಟ್ಯಾನ್ಲಿ ಕಪ್ ಗೆದ್ದರು. ಮೂರನ್ನೂ ಗೆದ್ದ ಮೊದಲ ಆಟಗಾರ ಅವರೇ. ಅದೇ ವಾಷಿಂಗ್ಟನ್ ತಂಡದ ಗೋಲಿ ಬ್ರೇಡನ್ ಹೋಲ್ಟ್‌ಬಿ, ರಕ್ಷಣಾ ಆಟಗಾರ ಜಾನ್ ಕಾರ್ಲ್‌ಸನ್ ಕೂಡ ಹರ್ಶಿಯಲ್ಲಿ ಬೆಳೆದವರು. ಹುಡುಗನೊಬ್ಬನನ್ನು ಮೇಲಕ್ಕೆ ಕರೆದಾಗ ಊರು ಚಪ್ಪಾಳೆ ತಟ್ಟುವುದು ಈ ಕಾರಣಕ್ಕೆ.

ಇಳಿಯುವುದಕ್ಕೂ ನಿಯಮಗಳಿವೆ. ಅನುಭವಿ ಆಟಗಾರನನ್ನು ಎನ್‌ಎಚ್‌ಎಲ್ ತಂಡ ಕೆಳಗೆ ಕಳುಹಿಸಬೇಕಾದರೆ ಮೊದಲು ಅವನನ್ನು ವೇವರ್ಸ್ ಎಂಬ ಪಟ್ಟಿಗೆ ಹಾಕಬೇಕು. 24 ಗಂಟೆಗಳೊಳಗೆ ಬೇರೆ ಯಾವ ಎನ್‌ಎಚ್‌ಎಲ್ ತಂಡ ಬೇಕಾದರೂ ಅವನನ್ನು ತೆಗೆದುಕೊಳ್ಳಬಹುದು. ಯಾರೂ ಕೇಳದಿದ್ದರೆ ಮಾತ್ರ ಅವನು ಹರ್ಶಿಗೆ ಬರುತ್ತಾನೆ. ಎಎಚ್‌ಎಲ್ ಮೂಲತಃ ಪಳಗಿಸುವ ಲೀಗ್ ಆದ್ದರಿಂದ, ಪಂದ್ಯಕ್ಕೆ ಇಳಿಯುವ ಗೋಲಿಗಳಲ್ಲದ 18 ಆಟಗಾರರಲ್ಲಿ ಕನಿಷ್ಠ 13 ಮಂದಿ ಕಡಿಮೆ ಅನುಭವದವರಾಗಿರಬೇಕು: 12 ಮಂದಿ ವೃತ್ತಿಪರವಾಗಿ 260ಕ್ಕಿಂತ ಹೆಚ್ಚು ಪಂದ್ಯ ಆಡಿರಬಾರದು, ಇನ್ನೊಬ್ಬ 320ಕ್ಕಿಂತ ಹೆಚ್ಚು ಆಡಿರಬಾರದು. ಚೆನ್ನಾಗಿ ಆಡುವ ಹಿರಿಯನೊಬ್ಬ ಕೋಟು ತೊಟ್ಟು ಮೇಲಿನ ಆಸನದಲ್ಲಿ ಕುಳಿತಿದ್ದರೆ ಅವನಿಗೆ ಗಾಯವಾಗಿದೆಯೆಂದೇ ಭಾವಿಸಬೇಕಿಲ್ಲ. ಆ ದಿನದ ಲೆಕ್ಕದಲ್ಲಿ ಹಿರಿಯರ ಜಾಗ ತುಂಬಿರಬಹುದು.

ಒಂದು ಋತುವಿನಲ್ಲಿ ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ತಂಡಕ್ಕೆ 72 ಪಂದ್ಯಗಳು. ಗೆದ್ದರೆ ಎರಡು ಅಂಕ. ತಲಾ 20 ನಿಮಿಷಗಳ ಮೂರು ಅವಧಿಗಳಲ್ಲಿ ಸಮಬಲವಾಗಿ, ಹೆಚ್ಚುವರಿ ಸಮಯದಲ್ಲೋ ಶೂಟೌಟಿನಲ್ಲೋ ಸೋತರೆ ಒಂದು. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲ, ಗೋಲು ಬೀಳುವವರೆಗೂ ಆಟ ನಡೆಯುತ್ತದೆ. 2023ರಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ವ್ಯಾಲಿ ತಂಡದೆದುರಿನ ಫೈನಲ್ ಸರಣಿಯಲ್ಲಿ ಮೊದಲ ಎರಡು ಪಂದ್ಯ ಸೋತಿದ್ದ ಹರ್ಶಿ, ಎದುರಾಳಿಯ ಊರಿನಲ್ಲಿ ನಡೆದ ಏಳನೆಯ ಪಂದ್ಯದಲ್ಲೂ 0–2ರಿಂದ ಹಿಂದಿತ್ತು. ಕೊನೆಗೆ ಹೆಚ್ಚುವರಿ ಸಮಯದಲ್ಲಿ ಮೈಕ್ ವೆಕಿಯೋನೆ ಹೊಡೆದ ಗೋಲಿನಿಂದ 3–2ರಲ್ಲಿ ಗೆದ್ದಿತು. ಮರುವರ್ಷ ಅದೇ ಕೋಚೆಲ್ಲಾ ವ್ಯಾಲಿ ತಂಡವನ್ನು ತನ್ನ ಊರಿನಲ್ಲೇ, ಮತ್ತೆ ಹೆಚ್ಚುವರಿ ಸಮಯದಲ್ಲಿ ಸೋಲಿಸಿ ಕಪ್ ಉಳಿಸಿಕೊಂಡಿತು.

ಮಕ್ಕಳಿರುವ ಮನೆಯವರು ಮೊದಲ ಪಂದ್ಯಕ್ಕೆ ಟೆಡ್ಡಿ ಬೇರ್ ಟಾಸ್ ಎಂಬ ದಿನವನ್ನು ಆರಿಸಿಕೊಳ್ಳಬೇಕೆಂದು ನಾನು ಹೇಳುತ್ತೇನೆ. ಪ್ರೇಕ್ಷಕರು ಮನೆಯಿಂದ ಬೊಂಬೆಗಳನ್ನು ತಂದು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾರೆ. ಹರ್ಶಿಯ ಮೊದಲ ಗೋಲು ಬಿದ್ದ ಕ್ಷಣ ಎಲ್ಲ ದಿಕ್ಕಿನಿಂದಲೂ ಬೊಂಬೆಗಳು ಹಾರಿ ಮಂಜಿನ ಮೇಲೆ ಬೀಳುತ್ತವೆ. ಬಿಳಿಯ ಅಂಗಳ ಕಾಣದಂತಾಗುತ್ತದೆ, ಆಟ ಬಹಳ ಹೊತ್ತು ನಿಲ್ಲುತ್ತದೆ, ಎಲ್ಲವನ್ನೂ ಎಣಿಸಿ ಸೇವಾ ಸಂಸ್ಥೆಗಳಿಗೆ ಹಂಚುತ್ತಾರೆ. 2025ರ ಜನವರಿಯಲ್ಲಿ ಹೀಗೆ ಬಿದ್ದ ಬೊಂಬೆಗಳು 1,02,343. ಈ ದಿನದ ಟಿಕೆಟ್ ಬೇಗ ಮುಗಿಯುವುದರಿಂದ ಮೊದಲೇ ಕೊಳ್ಳಬೇಕು. ಯಾವ ಪಂದ್ಯಕ್ಕೇ ಹೋದರೂ ಸ್ವೆಟರ್ ಇರಲಿ. ಚೆಂಡಿನ ಬದಲು ಬಳಸುವ ಗಟ್ಟಿ ರಬ್ಬರಿನ ಬಿಲ್ಲೆ, ಅಂದರೆ ಪಕ್, ಗಾಜಿನ ಗೋಡೆ ದಾಟಿ ಬರುವುದುಂಟು, ಆದ್ದರಿಂದ ಆಟ ನಡೆಯುವಾಗ ಫೋನ್ ನೋಡುವುದು ಬೇಡ. ತಡವಾಗಿ ಬಂದರೆ ಸೀಟಿ ಊದಿ ಆಟ ನಿಲ್ಲುವವರೆಗೆ ಮೆಟ್ಟಿಲ ಬಳಿಯೇ ನಿಂತಿರಬೇಕು. ಅಲೆನ್‌ಟೌನ್ ಅಥವಾ ಸ್ಕ್ರಾಂಟನ್ ಕಡೆ ಇರುವವರು ಹರ್ಶಿಯವರೆಗೆ ಬರಬೇಕೆಂದೇನೂ ಇಲ್ಲ: ಫ್ಯಾಂಟಮ್ಸ್ ಮತ್ತು ವಿಲ್ಕ್ಸ್-ಬ್ಯಾರಿ ಪೆಂಗ್ವಿನ್ಸ್ ಹರ್ಶಿಯ ಹತ್ತಿರದ ಎದುರಾಳಿಗಳು, ಪ್ರತಿ ಋತುವಿನಲ್ಲೂ ಬೇರ್ಸ್ ಆ ಊರುಗಳಿಗೆ ಹಲವು ಬಾರಿ ಹೋಗಿ ಆಡುತ್ತಾರೆ.